ಜಗುಲಿಯಲ್ಲೇ ಇದ್ದ ತರಕಾರಿ ಅಕ್ಕ

ಕಳೆದ ವಾರ ಮಗ ಹೆದ್ದಾರಿ ಬದಿಯ ಅಂಗಡಿಯಿಂದ ಸಿಹಿ ಈರುಳ್ಳಿಯ ಗೊಂಚಲೊಂದನ್ನು ತಂದು ಅಡುಗೆಮನೆಯಲ್ಲಿ ತೂಗುಹಾಕಿದ. ಒಣಗಿದ ಎಲೆಗಳನ್ನು ಜಡೆಯಂತೆ ಹೆಣೆದು ಕಟ್ಟಿದ್ದರು. ಬೇರಿನಲ್ಲಿ ಇನ್ನೂ ಮರಳುಮಣ್ಣಿತ್ತು. ಆ ಹಸಿ ವಾಸನೆಗೆ ತರಕಾರಿ ಅಕ್ಕನ ಬುಟ್ಟಿ ಕಣ್ಣಮುಂದೆ ಬಂತು. ಅವಳು ತೀರಿಕೊಂಡು ವರ್ಷಗಳಾದವು. ಅವಳ ವಿಷಯವನ್ನು ನಾನು ಮನೆಯಲ್ಲಿ ಎಂದೂ ಎತ್ತಿದವನಲ್ಲ...

ನಾನು ಕೋರ್ಟಿನಲ್ಲಿ ಪಟ್ಟೇವಾಲನಾಗಿದ್ದೆ. ಭಟ್ಕಳ, ಹೊನ್ನಾವರ, ಕುಮಟಾ ಎಂದು ವರ್ಗವಾದಲ್ಲೆಲ್ಲ ಕೆಲಸ ಒಂದೇ: ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು. ಇದು ನಡೆದ ಊರು ಯಾವುದೆಂದು ಹೇಳದೆ ಬಿಡುತ್ತೇನೆ. ಬೆಳಗಿನ ಜಾವ ಏಳುವುದು, ಬಿಳಿ ಅಂಗಿಗೆ ಇಸ್ತ್ರಿ ಹಾಕುವುದು, ಎದೆಯ ಬಿಲ್ಲೆಯನ್ನು ಹುಣಸೆಹುಳಿಯಲ್ಲಿ ಉಜ್ಜುವುದು, ಸಾಹೇಬರಿಗಿಂತ ಮೊದಲು ಕೋರ್ಟಿನಲ್ಲಿರುವುದು. ಇದರಲ್ಲಿ ಒಂದು ದಿನವೂ ತಪ್ಪಿದವನಲ್ಲ. ನನ್ನ ದನಿ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ ಎನ್ನುತ್ತಿದ್ದರು. ಅದರ ಹೆಮ್ಮೆಯೂ ಇತ್ತು.

ತರಕಾರಿ ಅಕ್ಕ ದಿನವೂ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದಳು. ಬಸಳೆ, ಹರಿವೆ, ಬದನೆ, ಬೇಸಿಗೆಯಲ್ಲಿ ಈರುಳ್ಳಿ. ನನಗಿಂತ ಹಿರಿಯಳು, ಬಾಯಿ ಬಲು ಚುರುಕು.

"ಎಂತ ತಮಾ, ಮನೇಲೂ ಹೆಂಡ್ತಿನ ಮೂರು ಸಲ ಕರೀತ್ಯ?"

"ಇಲ್ಲ ಅಕ್ಕ, ಇಲ್ಲಿ ಕರೆಯೂದು ಅವಳು. ಒಂದೇ ಸಲ."

"ಹಂಗಾರೆ ದೊಡ್ಡ ಕೋರ್ಟು ಇದೇ ಆತು!"

ಮದುವೆಮನೆಗಳಲ್ಲಿ ಅವಳ ಹಾಡು ಕೇಳಲೆಂದೇ ಜನ ಕೂರುತ್ತಿದ್ದರು. ಹೆಂಗಸರು ಎರಡು ಗುಂಪಾಗಿ ಕುಳಿತು, ಒಂದು ಗುಂಪು ಬಿಟ್ಟ ಸಾಲನ್ನು ಇನ್ನೊಂದು ಗುಂಪು ಹಿಡಿಯುವ ಹಾಡು ಅದು. ಒಂದು ಕಡೆಗೆ ಮುಂದಾಳು ಅವಳೇ.

ಅವಳ ಕೇರಿಯ ಹಿಂದಿನ ಗುಡ್ಡದಲ್ಲಿ ಕಲ್ಲುಕ್ವಾರಿ ಶುರುವಾಯಿತು. ಈರುಳ್ಳಿ ಗದ್ದೆಯ ಮೇಲೆ ಬಿಳಿ ಧೂಳು ಕೂತಿತು. ಬಂಡೆ ಸಿಡಿಸುವ ಮೊದಲು ಸೀಟಿ ಊದಬೇಕೆಂಬ ನಿಯಮವಿತ್ತು. ಒಂದು ದಿನ ಊದಲಿಲ್ಲ. ಗದ್ದೆಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದವಳು ಅಲ್ಲೇ ಬಿದ್ದಳು. ಎರಡೂ ಕಿವಿಯಿಂದ ರಕ್ತ ಬಂತಂತೆ. ಆಮೇಲೆ ಅವಳಿಗೆ ಮಾತು ಕೇಳುವುದು ನಿಂತಿತು. ಗಟ್ಟಿ ಸದ್ದು ಮಾತ್ರ ದೂರದಲ್ಲೆಲ್ಲೋ ಆದಂತೆ ಕೇಳುತ್ತದೆ ಎನ್ನುತ್ತಿದ್ದಳು. ನಾನು ತರಕಾರಿಯನ್ನು ಬೆರಳಲ್ಲಿ ತೋರಿಸಿ ಕೊಳ್ಳತೊಡಗಿದೆ. ಮುಂದೊಂದು ಮದುವೆಯಲ್ಲಿ ಅವಳನ್ನು ಕಂಡೆ. ಎದುರಿನ ಗುಂಪು ಸಾಲು ಮುಗಿಸಿದಾಗ ಪಕ್ಕದವಳು ಅವಳ ಮೊಣಕಾಲು ಒತ್ತುತ್ತಿದ್ದಳು. ಒತ್ತಿದ ಕೂಡಲೇ ಇವಳು ಹಾಡು ಎತ್ತುತ್ತಿದ್ದಳು.

ಕಿವಿಗೆ ಪರಿಹಾರ ಕೊಡಿಸಿ, ಕ್ವಾರಿ ನಿಲ್ಲಿಸಿ ಎಂದು ಅವಳು ಹಾಕಿದ ದಾವೆ ನಮ್ಮ ಕೋರ್ಟಿಗೇ ಬಂತು. ಆ ವಾರ ಕ್ವಾರಿ ಕಡೆಯ ವಕೀಲರು ಜಗುಲಿಯಲ್ಲಿ ಎಲ್ಲರೆದುರು ನಗೆಯಾಡಿದರು: "ಎಂತ ಪಟ್ಟೇವಾಲರೇ, ನಿಮ್ಮನೆ ಬಸಳೆ ಹುಳಿ ವಾದಿ ಕಡೆಯಿಂದ ಬರೂದಂತೆ ಹೌದಾ?" ಎಲ್ಲರೂ ನಕ್ಕರು. ನನಗೆ ಅದು ಚುಚ್ಚಿತು. ಪಕ್ಷಪಾತಿ ಎಂದು ನನ್ನನ್ನು ಅದುವರೆಗೆ ಯಾರೂ ಅಂದಿರಲಿಲ್ಲ.

ಅವಳು ಸಾಕ್ಷಿ ನುಡಿಯಬೇಕಾದ ದಿನ ಅವಳ ವಕೀಲರು ಬಂದಿರಲಿಲ್ಲ. ಅಕ್ಕನ ಮಗ ಅವರಿಗೆ ಫೋನು ಮಾಡಲು ಹೊರಗೆ ಓಡಿದ್ದ. ಅಕ್ಕ ಜಗುಲಿಯ ತುದಿಯ ಬೆಂಚಿನಲ್ಲಿ, ಗೇಟಿನತ್ತ ಮುಖ ಮಾಡಿ, ಬೆನ್ನು ನನ್ನ ಕಡೆಗಾಗಿ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಿದೆ. ಮೂರು ಸಲ, ಸ್ಪಷ್ಟವಾಗಿ, ನಿಯಮದಂತೆ. ಜಗುಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳ ಹೊರತು. ನಾಲ್ಕು ಹೆಜ್ಜೆ ನಡೆದು ಭುಜ ಮುಟ್ಟಿದ್ದರೆ ಸಾಕಿತ್ತು. ಕ್ವಾರಿ ಕಡೆಯ ವಕೀಲರು ನನ್ನನ್ನೇ ನೋಡುತ್ತಿದ್ದರು. ನಾನು ಒಳಗೆ ತಿರುಗಿದೆ.

"ಬಂದಿದ್ದಾರಾ?" ಎಂದರು ಸಾಹೇಬರು.

"ಯಾರೂ ಓಗೊಡಲಿಲ್ಲ ಸ್ವಾಮಿ," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವಾದಿ ಗೈರುಹಾಜರೆಂದು ದಾವೆ ವಜಾ ಆಯಿತು.

ಊಟದ ಹೊತ್ತಿಗೆ ಜನ ಏಳುವುದನ್ನು ಕಂಡು ಅವಳು ನನ್ನ ಹತ್ತಿರ ಬಂದಳು. "ತಮಾ, ನನ್ ಪಾಳಿ ಯಾವಾಗ?" ಫೋನು ಮಾಡಿ ಬಂದ ಮಗ ವಿಷಯ ತಿಳಿದು ಅವಳಿಗೆ ಸನ್ನೆಯಲ್ಲಿ ಹೇಳಿದ. ಅವಳು ನನ್ನ ಮುಖ ನೋಡಿದಳು.

"ಕರದ್ಯ?"

ಹೌದೆಂದು ತಲೆಯಾಡಿಸಿದೆ.

"ನಿನ್ ದನಿಯೂ ಬರ್ಲಿಲ್ಲ ಅಂದ್ರೆ ನನ್ ಕಿವಿ ಪೂರಾ ಹೋತು ತಮಾ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ...

ಅರ್ಜಿ ಕೊಟ್ಟರೆ ದಾವೆ ಮತ್ತೆ ನಡೆಯುತ್ತದೆ ಎಂದು ಅವಳ ವಕೀಲರು ಹೇಳಿದರಂತೆ. ಅವಳು ಒಪ್ಪಲಿಲ್ಲ. ಮರುದಿನ ಬುಟ್ಟಿ ಇಳಿಸುತ್ತ ನನಗೇ ಹೇಳಿದಳು: "ಅಲ್ಲಿ ಕೂಗೂದು ಮತ್ತೆ ನೀನೇ ಅಲ್ದ? ನಿನ್ ದನಿಯೇ ಕೇಳ್ದೆ ಇದ್ಮೇಲೆ ಎಂತ ಮಾಡೂಕೆ ಹೋಗೂದು, ಬಿಡು." ನನ್ನ ಮೇಲೆ ಅವಳಿಗೆ ಸಂಶಯವೇ ಬರಲಿಲ್ಲ. ಅವಳು ಇರುವವರೆಗೂ ನಮ್ಮ ಮನೆಗೆ ತರಕಾರಿ ಬರುತ್ತಲೇ ಇತ್ತು. ನಾನು ಬೆರಳು ತೋರಿಸಿ ಕೊಳ್ಳುತ್ತಲೇ ಇದ್ದೆ.

ಈಗ ಕಾಯ್ದೆ ಬೇರೆಯಾಗಿದೆ. ಹಸಿರು ನ್ಯಾಯಮಂಡಳಿ ಇದೆ. ಗಾಳಿ, ನೀರು ಕೆಡಿಸಿ ಜನರ ಮೈಗೆ ಹಾನಿ ಮಾಡಿದವನು, ತಪ್ಪು ತನ್ನದಲ್ಲ ಎಂದು ಜಾರಿಕೊಳ್ಳುವಂತಿಲ್ಲ, ಪರಿಹಾರ ಕೊಡಲೇಬೇಕು. ಇನ್ನೂ ನಿಲ್ಲದ ಆ ಕ್ವಾರಿಯ ವಿರುದ್ಧ ಕೇರಿಯ ಜನ ತಮ್ಮ ಕಿವಿಗಾಗಿ, ಉಬ್ಬಸಕ್ಕಾಗಿ ಅಲ್ಲಿ ಅರ್ಜಿ ಹಾಕುತ್ತಿದ್ದಾರೆ. ಅಕ್ಕನ ಸೊಸೆಯೂ ಅವರಲ್ಲಿ ಒಬ್ಬಳು. ಅವರ ವಕೀಲ ನನ್ನ ತಂಗಿಯ ಮಗ. ಮೊನ್ನೆ ಬಂದು, "ಮಾವಾ, ಆಗ್ಲೇ ಒಂದು ದಾವೆ ಇತ್ತಂತಲ್ಲ. ಆ ಹೆಂಗಸು ಸಾಕ್ಷಿ ಹೇಳಿದ್ದು ಸಿಕ್ಕಿದ್ರೆ ಕ್ವಾರಿಯವ್ರಿಗೆ ಈ ಹಾನಿ ಮೊದಲೇ ಗೊತ್ತಿತ್ತು ಅಂತ ತೋರಿಸ್ಬಹುದು," ಎಂದ. ಅವಳ ಸಾಕ್ಷಿ ದಾಖಲಾಗಲೇ ಇಲ್ಲ ಎಂದೆ. ಹಾಗಾದರೆ ನೀವೇ ಒಂದು ಹೇಳಿಕೆ ಕೊಡಿ ಎಂದು ಬರೆಯಲು ಕೂತ. 'ವಾದಿ ಗೈರುಹಾಜರಾದ ಕಾರಣ' ಎಂದು ಓದಿದಾಗ ತಡೆದೆ.

"ಗೈರು ಅಲ್ಲ. ಹಾಜರಿದ್ದಳು. ಜಗುಲಿಯಲ್ಲಿ ಕೂತಿದ್ದಳು, ನಾನು ನೋಡಿದ್ದೆ. ಹಾಗೇ ಬರಿ."

"ಹಂಗೆ ಬರದ್ರೆ, ಆಗ ಎಂತಕ್ಕೆ ಹೇಳ್ಲಿಲ್ಲ ಅಂತ ನಿಮ್ಮನ್ನೇ ಹಿಡೀತ್ರು ಮಾವಾ."

"ಹಿಡೀಲಿ."

ಬರೆದ. ಸಹಿ ಹಾಕಿದೆ. ಭಾನುವಾರ ಕೇರಿಯವರನ್ನೆಲ್ಲ ಕೂರಿಸಿ ಹೇಳಿಕೆಗಳನ್ನು ಓದಿ ಹೇಳುತ್ತಾನಂತೆ, ನಾನೂ ಬರಬೇಕಂತೆ. ಆ ಪ್ರಶ್ನೆ ಅಲ್ಲೇ ಬರುತ್ತದೆ. ಒಬ್ಬರ ನಗೆಗೆ ಹೆದರಿ ಸುಮ್ಮನಾದೆ ಎಂಬುದಲ್ಲದೆ ನನ್ನ ಹತ್ತಿರ ಬೇರೆ ಉತ್ತರವಿಲ್ಲ. ಅದನ್ನು ಅಕ್ಕನೆದುರು ಹೇಳುವ ಕಾಲ ಮುಗಿದುಹೋಯಿತು. ಅವಳ ಸೊಸೆಯ ಎದುರು ಹೇಳಬೇಕು.