ಮಣ್ಣಿಗೆ ಕಿವಿಗೊಡುವ ತಗಡು ಮಾವ

ಅವಳು ಅವರನ್ನು ಮೊದಲ ಸಲ ನೋಡಿದಾಗ ಅವರು ನೆಲದ ಮೇಲೆ ಬೋರಲು ಬಿದ್ದಿದ್ದರು. ಬೆಳಿಗ್ಗೆ ಒಂಬತ್ತು ಗಂಟೆ. ನೆಲಮಾಳಿಗೆ ತೋಡಬೇಕಿದ್ದ ಖಾಲಿ ನಿವೇಶನದ ಹಿಂಬದಿ, ಪಕ್ಕದ ಮನೆಯ ಗೋಡೆಯಿಂದ ಎರಡು ಮಾರು ದೂರ. ಹಳದಿ ಹೆಲ್ಮೆಟ್ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ನರೆತ ತಲೆ ನೆಲಕ್ಕೆ ಚುಚ್ಚಿದ ಕಬ್ಬಿಣದ ಸಲಾಕೆಗೆ ಅಂಟಿಕೊಂಡಿತ್ತು. ಆ ನಿವೇಶನದ ಕೆಲಸ ಶುರುಮಾಡಿ ಮೂರೇ ದಿನವಾಗಿದ್ದ ಹೊಸ ಇಂಜಿನಿಯರ್ ಹುಡುಗಿ ಕೂಗಿಕೊಂಡಳು.

"ಅಯ್ಯೋ, ಯಾರಾದ್ರೂ ಬನ್ರೀ! ನೀರು ತನ್ನಿ!"

ಬಿದ್ದಿದ್ದವರು ಕಣ್ಣು ತೆರೆಯದೆಯೇ ಒಂದು ಬೆರಳೆತ್ತಿದರು. "ಶ್! ಮಣ್ಣು ಮಾತಾಡ್ತಿದೆ. ಮಧ್ಯೆ ಬಾಯಿ ಹಾಕ್ಬೇಡಿ."

ಆಮೇಲೆ ಎದ್ದು ಕೂತು ಕಿವಿಯ ಮಣ್ಣು ಒರೆಸಿಕೊಂಡರು. "ನೀರು ಬೇಡ. ಟೀ ಆದ್ರೆ ಕುಡೀತೀನಿ."

ಅವರೇ ತಗಡು ಮಾವ. ಆಳವಾಗಿ ನೆಲ ತೋಡುವ ಮುನ್ನ ಸುತ್ತಲೂ ಉದ್ದುದ್ದ ಶೀಟುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ನೆಲಕ್ಕಿಳಿಸುತ್ತಾರೆ. ಆಚೆಯ ಮಣ್ಣು ಕುಸಿಯದಂತೆ ತಡೆಯುವುದು ಅವೇ. ನಲವತ್ತು ವರ್ಷ ಕಬ್ಬಿಣದ ಶೀಟು ಇಳಿಸಿದ ಮೇಸ್ತ್ರಿಗೆ ಜೊತೆಯವರು ಇಟ್ಟ ಹೆಸರು ಅದು. ಸಲಾಕೆ ಚುಚ್ಚಿ ತಿರುಗಿಸಿ, ಅದಕ್ಕೆ ಕಿವಿಗೊಡುವುದು ಅವರ ಪದ್ಧತಿ. ಜೇಡಿಮಣ್ಣು ತೆಪ್ಪಗಿರುತ್ತದೆ, ಮರಳು ಪಿಸುಗುಡುತ್ತದೆ, ಜಲ್ಲಿ ಹಲ್ಲು ಕಡಿಯುತ್ತದೆ ಎನ್ನುತ್ತಿದ್ದರು.

ಹುಡುಗಿಯ ನಕ್ಷೆಯಲ್ಲಿ ಕಬ್ಬಿಣವೇ ಇರಲಿಲ್ಲ. ಸುತ್ತಲೂ ಪ್ಲಾಸ್ಟಿಕ್ ಶೀಟು. ಹಗುರ, ತುಕ್ಕು ಹಿಡಿಯುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡ ಸುತ್ತಿಗೆಯ ಹೊಡೆತ ಬೇಕಿಲ್ಲ. ಅವಳಿಗೆ ಹೊಡೆತದ್ದೇ ಭಯ. ಪಕ್ಕದ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಅಜ್ಜಿ ಇದ್ದಳು. ಮೊದಲ ದಿನವೇ ಬೇಲಿಯ ಹತ್ತಿರ ಬಂದು, "ಈ ಗೋಡೆ ನನಗಿಂತ ಮುದಿ ಕಣಮ್ಮ. ಒಂದು ಬಿರುಕು ಬಿಟ್ರೂ ನನ್ನ ಅಂಗಡಿ ಮುಗೀತು" ಎಂದಿದ್ದಳು. "ಏನೂ ಆಗಲ್ಲ ಅಜ್ಜಿ" ಎಂದು ಹುಡುಗಿ ಮಾತು ಕೊಟ್ಟುಬಿಟ್ಟಿದ್ದಳು. ಮನೆತನದಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವಳು. ಕೊಟ್ಟ ಮಾತು ತಪ್ಪುವಂತಿರಲಿಲ್ಲ.

ಮಾವ ನಕ್ಷೆ ನೋಡಿ ಮೀಸೆಯಡಿ ನಕ್ಕರು. "ಮಣ್ಣಿನ ಪರೀಕ್ಷೆ ಎಲ್ಲಿ ಮಾಡಿಸಿದ್ರಿ?"

"ಗೇಟಿನ ಹತ್ರ. ಕೊರೆಯೋ ಗಾಡಿ ಈ ಮೂಲೆಗೆ ಬರಲಿಲ್ಲ."

"ಗೇಟಿನ ಹತ್ರ ಬೆಣ್ಣೆಯಂಥ ಮಣ್ಣು. ಇಲ್ಲಿ ಎರಡು ಮೀಟರ್ ಕೆಳಗೆ ಜಲ್ಲಿ ಹಲ್ಲು ಕಡೀತಿದೆ."

"ಕಬ್ಬಿಣದ ಮೇಸ್ತ್ರಿ ಪ್ಲಾಸ್ಟಿಕ್ ಬೇಡ ಅನ್ನದೆ ಇರ್ತಾರಾ?" ಅವಳ ದನಿ ಸ್ವಲ್ಪ ಚುರುಕಾಯಿತು.

"ಕಬ್ಬಿಣ ನನ್ನ ಭಾವನೂ ಅಲ್ಲ, ಪ್ಲಾಸ್ಟಿಕ್ ನನ್ನ ದಾಯಾದಿನೂ ಅಲ್ಲ. ಒಂದೇ ಒಂದು ಇಳಿಸಿ ನೋಡೋಣ, ಬನ್ನಿ ಇಂಜಿನಿಯರಮ್ಮ."

ಗೋಡೆಯಿಂದ ದೂರದಲ್ಲಿ, ಅದೇ ಜಲ್ಲಿಯ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಶೀಟು ನಿಲ್ಲಿಸಿದರು. ಎರಡು ಮೀಟರ್ ಸಲೀಸಾಗಿ ಹೋಯಿತು. ಆಮೇಲೆ ನಿಂತೇ ಬಿಟ್ಟಿತು. ಹೊರಗೆಳೆದು ನೋಡಿದರೆ ಕೆಳತುದಿ ಹಳೆಯ ಕ್ಯಾಲೆಂಡರಿನ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಹುಡುಗಿಯ ಮುಖ ಬಾಡಿತು. ಇಳಿದಿದ್ದರೂ ನಾಲ್ಕು ಮೀಟರ್ ಆಳದ ಹಳ್ಳದಲ್ಲಿ ಗೋಡೆಯ ಭಾರಕ್ಕೆ ಅದು ಹೊಟ್ಟೆ ಉಬ್ಬಿಸುತ್ತಿತ್ತು ಎಂಬ ಲೆಕ್ಕ ಅವಳಿಗೀಗ ಹೊಳೆಯಿತು.

"ಸಪ್ಪಗಾಗ್ಬೇಡಿ. ಫೇಲಾಗಿದ್ದು ಶೀಟು, ನೀವಲ್ಲ" ಎಂದರು ಮಾವ.

"ಆದ್ರೆ ಕಬ್ಬಿಣ ಹೊಡೆದ್ರೆ ಅಜ್ಜಿ ಗೋಡೆ?"

"ಹೊಡೆಯೋದು ಅಂತ ಯಾರು ಹೇಳಿದ್ರು? ಒತ್ತೋಣ."

ಮಾವ ತರಿಸಿದ್ದು ಒತ್ತುವ ಮೆಷಿನ್ನು. ಮೊದಲು ಇಳಿದ ತಗಡುಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮುಂದಿನದನ್ನು ಸದ್ದಿಲ್ಲದೆ ಕೆಳಗೆ ನೂಕುತ್ತಿತ್ತು. ಜಲ್ಲಿ ಇದ್ದಲ್ಲಿ ಮೊದಲೇ ಕೊರೆದು ಸಡಿಲ ಮಾಡಿದರು. ಆಮೆಯ ನಡಿಗೆ, ದಿನಕ್ಕೆ ಆರೇ ತಗಡು. ಇತ್ತ ಹುಡುಗಿ ನಕ್ಷೆ ತಿದ್ದಿದಳು. ಮನೆಗಳಿದ್ದ ಮೂರು ಬದಿಗೆ ಕಬ್ಬಿಣ. ಗೇಟಿನ ಕಡೆ, ಗಾಡಿ ಇಳಿಯುವ ದಾರಿ ಒಂದೂವರೆ ಮೀಟರ್ ಮಾತ್ರ ಆಳವಿದ್ದ ಭಾಗಕ್ಕೆ ಪ್ಲಾಸ್ಟಿಕ್ಕೇ ಉಳಿಯಿತು. ಅಲ್ಲಿ ಸದಾ ನೀರು ಜಿನುಗುತ್ತಿತ್ತು, ಶೀಟು ತುಕ್ಕು ಹಿಡಿಯದೆ ಕಾಯಂ ಆಗಿ ಇರಬೇಕಿತ್ತು. "ಅದೇ ಸರಿ" ಎಂದು ಮೊದಲು ಒಪ್ಪಿದವರು ಮಾವನೇ.

ಅಜ್ಜಿ ಮಾತ್ರ ಯಾರನ್ನೂ ನಂಬಲಿಲ್ಲ. ಗೋಡೆಗೆ ತಾಗಿದ ಮೇಜಿನ ಮೇಲೆ ಲೋಟದ ತುಂಬ ನೀರಿಟ್ಟು ಎದುರಿಗೆ ಕೂತಳು. "ಏ ತಗಡು! ಒಂದು ಹನಿ ಚೆಲ್ಲಿದ್ರೂ ನಿನ್ನ ಮೆಷಿನ್ ಮೇಲೆ ಬಂದು ಕೂರ್ತೀನಿ."

"ಬನ್ನಿ ಅಕ್ಕಾ, ಭಾರ ಹೆಚ್ಚಾದ್ರೆ ತಗಡು ಇನ್ನೂ ಬೇಗ ಇಳಿಯುತ್ತೆ!"

ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೊಂದನೆಯ ದಿನ ಅಜ್ಜಿಯ ಗೋಡೆಯ ಪಕ್ಕದ ಕೊನೆಯ ತಗಡೂ ಇಳಿಯಿತು. ಹುಡುಗಿ ಓಡಿಹೋಗಿ ನೋಡಿದಳು, ಹಿಂದೆಯೇ ಮಾವನೂ ಬಂದರು. ಲೋಟ ಅರ್ಧ ಖಾಲಿ! ಅವಳು ಗಾಬರಿಯಿಂದ ಗೋಡೆಯಲ್ಲಿ ಬಿರುಕು ಹುಡುಕತೊಡಗಿದಳು.

"ಅದ್ಯಾಕೆ ಹಂಗೆ ನೋಡ್ತೀಯ? ಬಾಯಾರಿತ್ತು, ಕುಡಿದೆ" ಎಂದಳು ಅಜ್ಜಿ.

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಗಡುಗಳಿಗೆ ಒಳಗಿನಿಂದ ಅಡ್ಡತೊಲೆ ಕೊಟ್ಟು ಹಳ್ಳ ತೋಡಿದರು. ನೆಲಮಾಳಿಗೆ ಎದ್ದು ನಿಂತಿತು. ಹುಡುಗಿ ವಾರಕ್ಕೊಮ್ಮೆ ಟಾರ್ಚು ಹಿಡಿದು ಗೋಡೆಯನ್ನು ಅಂಗುಲಂಗುಲ ಹುಡುಕಿದಳು. ಜೇಡರ ಬಲೆಯ ಹೊರತು ಇನ್ನೊಂದು ಗೆರೆ ಸಿಗಲಿಲ್ಲ.

ತಗಡು ಮಾವ ಈಗಲೂ ಆ ಹುಡುಗಿಯ ಜೊತೆಗೇ ಕೆಲಸ ಮಾಡುತ್ತಾರೆ. ಹೊಸ ನಿವೇಶನದಲ್ಲಿ ನಾಲ್ಕೂ ಮೂಲೆಗೆ ಸಲಾಕೆ ಚುಚ್ಚಿ ಮಣ್ಣಿನ ಮಾತು ಕೇಳುತ್ತಾರೆ, ಅವರು ಹೇಳಿದ್ದನ್ನು ಅವಳು ಬರೆದುಕೊಳ್ಳುತ್ತಾಳೆ.