ಮಾತು ಬಿಟ್ಟ ಮನೆ

ಕ್ಷೌರದಂಗಡಿಯ ಮಾತಿನಮಲ್ಲನಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಎರಡು ಕುರ್ಚಿ, ಎದುರುಬದುರು ಎರಡು ಕನ್ನಡಿ, ಮೂಲೆಯಲ್ಲೊಂದು ಬೆಂಚು, ಅದರ ಮೇಲೆ ಅಂಚು ಹರಿದ ವಾರಪತ್ರಿಕೆಗಳು, ಇಷ್ಟೇ ಇದ್ದ ಆ ಅಂಗಡಿಗೆ ಜನ ಕೂದಲು ಬೆಳೆಯುವ ಮೊದಲೇ ಬಂದು ಕೂರುತ್ತಿದ್ದರು. ಅದು ಕತ್ತರಿಯ ಮಹಿಮೆಯಲ್ಲ, ನಾಲಿಗೆಯದು. ಕತ್ತರಿ ಒಮ್ಮೊಮ್ಮೆ ಕಿವಿಯ ಹಿಂದೆ ಮೆಟ್ಟಿಲು ಬಿಟ್ಟುಬಿಡುತ್ತಿತ್ತು. ನಾಲಿಗೆ ಮಾತ್ರ ಬೆಳಗಿನಿಂದ ಬಾಗಿಲೆಳೆಯುವವರೆಗೆ ಎಲ್ಲಿಯೂ ತಡವರಿಸುತ್ತಿರಲಿಲ್ಲ.

ಮಕ್ಕಳ ಕ್ಷೌರಕ್ಕಂತೂ ಆ ಬೀದಿಯಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಕುರ್ಚಿಯ ಎರಡು ತೋಳುಗಳ ಮೇಲೆ ಅಡ್ಡಹಲಗೆ ಇಟ್ಟು ಮಗುವನ್ನು ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟುತ್ತಿದ್ದ. ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ನೂರೆಂಟು ವಿದ್ಯೆಗಳು ಆ ಹಲಗೆಯ ಸುತ್ತ ಪ್ರದರ್ಶನವಾಗುತ್ತಿದ್ದವು. ಒಬ್ಬ ಅಪ್ಪ ತೊಡೆ ಚಿವುಟುತ್ತಿದ್ದ. ಇನ್ನೊಬ್ಬ, ಅಲ್ಲಾಡಿದರೆ ಕಿವಿ ಹೋಗುತ್ತೆ ಎಂದು ಹೆದರಿಸಿ ಮಗುವನ್ನು ಇನ್ನಷ್ಟು ಅಲ್ಲಾಡಿಸುತ್ತಿದ್ದ. ಒಬ್ಬ ತಾಯಿ ಬಿಸ್ಕತ್ತಿನ ಪೊಟ್ಟಣವನ್ನೇ ಒಡೆದು ಕೊಡುತ್ತಿದ್ದಳು. ಕೊನೆಗೆ ಕೂದಲೆಲ್ಲ ಬಿಸ್ಕತ್ತಿಗೆ ಅಂಟಿರುತ್ತಿತ್ತು. ಬ್ಯಾಂಕಿನ ಗುಮಾಸ್ತ ದಂಪತಿಗಳು ಹೊಡೆಯಬೇಕೋ ಓಲೈಸಬೇಕೋ ಎಂದು ಕಿತ್ತಾಡುತ್ತಿದ್ದಾಗ ಅವರ ಮಗ ಹಲಗೆಯಿಂದಿಳಿದು ಬೀದಿ ಸೇರಿಬಿಟ್ಟಿದ್ದ.

"ನೀವಿಬ್ರೂ ಎರಡು ನಿಮಿಷ ಹೊರಗಿರಿ" ಎನ್ನುತ್ತಿದ್ದ ಮಾತಿನಮಲ್ಲ. ಆಮೇಲೆ ಮಗುವಿನ ಕಿವಿಯ ಹತ್ತಿರ ಬಗ್ಗಿ, "ನಿನ್ನ ತಲೆಯೊಳಗೊಂದು ಮರಿಯಾನೆ ಕಳೆದುಹೋಗಿದೆಯಲ್ಲ, ಗೊತ್ತಾ? ಹುಡುಕ್ತೀನಿ. ಅಲ್ಲಾಡಿದ್ರೆ ಓಡಿಹೋಗುತ್ತೆ" ಎನ್ನುತ್ತಿದ್ದ. ಮಗು ಉಸಿರು ಬಿಗಿಹಿಡಿದು ಕೂರುತ್ತಿತ್ತು. ಇಂಥವನ ಮನೆಯಲ್ಲಿ ಹುಟ್ಟಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೊರಗೆ ನಿಂತವರು ಮಾತಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಹುಟ್ಟಿದ್ದವಳನ್ನು ಮಾತ್ರ ಯಾರೂ ಕೇಳಲು ಹೋಗಲಿಲ್ಲ.

ಅವನ ಅಪ್ಪನಿಗೂ ಇದೇ ಕಸುಬು. ಕ್ಷೌರದ ಕತ್ತಿ ಮಸೆಯುವ ಚರ್ಮದ ಪಟ್ಟಿ ಗೋಡೆಗೆ ನೇತಾಡುತ್ತಿತ್ತು. ಅದು ಕತ್ತಿಗಿಂತ ಹೆಚ್ಚಾಗಿ ಮಗನ ಬೆನ್ನು ಕಂಡಿತ್ತು. ಹಾಗೆ ಬೆಳೆದವನು, ತನಗೆ ಮಗಳು ಹುಟ್ಟಿದ ದಿನವೇ ಇವಳ ಮೇಲೆ ಕೈ ಎತ್ತುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ. ಆ ಮಾತನ್ನು ಉಳಿಸಿಕೊಂಡ ಕೂಡ. ಸುಳ್ಳು ಹೇಳುವುದೇಕೆ, ಒಂದು ದಿನ, ಒಂದೇ ಒಂದು ದಿನವೂ ಅವನು ಆ ಹುಡುಗಿಗೆ ಹೊಡೆದವನಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ, ಅಷ್ಟೆ.

ಮೊದಲ ಸಲ ಮಾತು ಬಿಟ್ಟಾಗ ಮಗಳಿಗೆ ಎಂಟು ವರ್ಷ. ಅಂಗಡಿಯ ಹಳೆಯ ಕತ್ತರಿ ತಂದು, ಪಕ್ಕದ ಮನೆಯ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಅವಳ ಎರಡು ಜಡೆಗಳಲ್ಲಿ ಒಂದನ್ನು ಬುಡಕ್ಕೆ ಕತ್ತರಿಸಿದ್ದಳು. ಪಕ್ಕದ ಮನೆಯಾಕೆ ಕತ್ತರಿಸಿದ ಜಡೆಯನ್ನು ಕೈಯಲ್ಲಿ ಹಿಡಿದು ಬಂದು ಬೀದಿಯೇ ಬಾಗಿಲಿಗೆ ಬರುವಂತೆ ಕೂಗಾಡಿದಳು. ಹೆಂಡತಿ ಮಗಳ ಬೆನ್ನಿಗೆ ಎರಡು ಬಿಟ್ಟಳು, ಬಾಯಿಗೆ ಬಂದಂತೆ ಬೈದಳು, ಸಂಜೆ ಅದೇ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಅಪ್ಪ ತುಟಿಪಿಟಕ್ಕೆನ್ನಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಮಗಳು ಎದುರಿಗೆ ಬಂದರೆ ಅವಳ ಹಿಂದಿನ ಗೋಡೆಯನ್ನು ನೋಡುತ್ತಿದ್ದ. ಅವಳು ಚಪ್ಪಲಿ ತಂದಿಟ್ಟಳು, ಕೇಳಿಸುವಂತೆ ಮಗ್ಗಿ ಒಪ್ಪಿಸಿದಳು, ಕೊನೆಗೆ ಅವನ ಕಣ್ಣೆದುರಿಗೇ ಹೊಸ್ತಿಲು ಎಡವಿ ಬಿದ್ದಳು. ಅವನು ದಾಟಿಕೊಂಡು ಹೋದ. ಹನ್ನೊಂದನೆಯ ದಿನ, "ಬಾ, ಊಟಕ್ಕೆ ಕೂತ್ಕೋ" ಎಂದಾಗ ಆ ಮಗು ಎಷ್ಟು ಅತ್ತಿತೆಂದರೆ ತಿಂದದ್ದೆಲ್ಲ ಕಕ್ಕಿಕೊಂಡಿತು.

"ನೋಡಿದ್ಯಾ, ಒಂದು ಏಟಿಲ್ಲದೆ ದಾರಿಗೆ ಬಂದ್ಲು" ಎಂದ ಹೆಂಡತಿಗೆ.

"ದಾರಿಗೆ ಬಂದಿಲ್ಲ ರೀ, ಹೆದರಿದ್ದಾಳೆ. ನಾನು ಹೊಡೆದ್ರೆ ಎಲ್ಲಿ ನೋಯ್ತಿದೆ ಅಂತ ಅವಳಿಗೆ ಗೊತ್ತಾಗುತ್ತೆ. ನೀವು ಕೊಡೋದು ಎಲ್ಲಿ ನೋಯುತ್ತೋ ಅವಳಿಗೇ ಗೊತ್ತಾಗಲ್ಲ."

"ನಿಂದು ಒರಟುತನ. ನಾನು ನಮ್ಮಪ್ಪನ ಹಾಗಲ್ಲ."

ಹೆಂಡತಿಯ ಕೈಯೇನೂ ಹೂವಿನದಾಗಿರಲಿಲ್ಲ. ಸೌಟಿನ ಏಟಿಗೆ ಹುಡುಗಿಯ ಮೊಣಕೈ ಊದಿದ್ದೂ ಉಂಟು. ಇಬ್ಬರದೂ ತಪ್ಪೇ ಎನ್ನಿ. ಆದರೆ ಅವಳ ತಪ್ಪು ದೀಪ ಹಚ್ಚುವ ಹೊತ್ತಿಗೆ ಮುಗಿದುಹೋಗುತ್ತಿತ್ತು. ಇವನದಕ್ಕೆ ಕೊನೆಯ ದಿನ ಯಾವುದೆಂದು ಇವನೊಬ್ಬನಿಗೇ ಗೊತ್ತು, ಆ ಗುಟ್ಟು ಕೈಯಲ್ಲಿರುವುದರಲ್ಲಿ ಅವನಿಗೊಂದು ಸುಖವಿತ್ತು. ಹದಿನಾಲ್ಕರಲ್ಲಿ ಅಂಕಪಟ್ಟಿ ಬಚ್ಚಿಟ್ಟದ್ದಕ್ಕೆ ಒಂದು ತಿಂಗಳು. ಹತ್ತೊಂಬತ್ತರಲ್ಲಿ ಅವಳು ನರ್ಸಿಂಗ್ ಓದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದಳು. ಮಗಳು ನರ್ಸ್ ಆಗುತ್ತಾಳೆಂದು ಗಿರಾಕಿಗಳಿಗೆಲ್ಲ ಡಂಗುರ ಸಾರಿದ್ದ ಮಾತಿನಮಲ್ಲನಿಗೆ ಮುಖ ತೋರಿಸಲಾಗದಂತಾಯಿತು. ಯಾಕೆ ಬಿಟ್ಟೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಏಳು ತಿಂಗಳು ಮಾತು ಬಿಟ್ಟ.

ಆ ಏಳು ತಿಂಗಳಲ್ಲಿ ಆ ಮನೆಗೆ 'ಅಂತೆ' ಎಂಬುದೊಂದು ಬಂದು ನೆಲೆ ನಿಂತಿತು. ಸೋಪು ಬಚ್ಚಲಲ್ಲಿದೆಯಂತೆ, ಅಂಗಿಗೆ ಗುಂಡಿ ಹಚ್ಚಬೇಕಂತೆ, ಇವತ್ತು ಊಟ ಬೇಡವಂತೆ. ನಡುವೆ ನಿಂತ ಹೆಂಡತಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಅಂತೆಗಳನ್ನು ಹೊತ್ತು ಹೊತ್ತು ಸಾಕಾಗಿಹೋದಳು. ಕೊನೆಗೊಂದು ಬೆಳಿಗ್ಗೆ ಅವನಿಗೆ ಶಿಕ್ಷೆ ಸಾಕೆನಿಸಿತು. "ಕುಡಿಯೋಕೆ ಸ್ವಲ್ಪ ನೀರು ಕೊಡಮ್ಮ" ಎಂದ, ಏನೂ ಆಗಿಯೇ ಇಲ್ಲವೆಂಬಂತೆ. ಮಗಳು ನೀರು ತಂದಿಟ್ಟು ಒಳಗೆ ಹೋದಳು. ನಾಚಿಕೆಯಿರಬೇಕು ಎಂದುಕೊಂಡ. ಮರುದಿನವೂ ಹಾಗೇ ಆಯಿತು. ಅಪ್ಪನ ವಿದ್ಯೆಗಳಲ್ಲಿ ಕತ್ತರಿಯನ್ನಲ್ಲ, ಮಾತು ಬಿಡುವುದನ್ನು ಅವಳು ಕಲಿತುಬಿಟ್ಟಿದ್ದಾಳೆಂದು ಅರಿವಾಗಲು ಅವನಿಗೆ ಒಂದು ವಾರ ಬೇಕಾಯಿತು.

ಇದಾಗಿ ಹನ್ನೆರಡು ವರ್ಷ. ಅವಳು ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಒಬ್ಬನನ್ನು ಮದುವೆಯಾಗಿ ಎರಡು ಬೀದಿಯಾಚೆ ಸಂಸಾರ ಹೂಡಿದಳು. ಅಳಿಯ ಒಳ್ಳೆಯವನು, ನಗುಮುಖದವನು. ನಾಲ್ಕು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಇಬ್ಬರ ಕೈಗಳನ್ನೂ ಹಿಡಿದು ಒಂದರ ಮೇಲೊಂದು ಇಟ್ಟಿದ್ದಳು. ಮಗಳು ಕೈ ಎಳೆದುಕೊಳ್ಳಲಿಲ್ಲ, ಮಾತೂ ಆಡಲಿಲ್ಲ. ಅಂದಿನಿಂದ ಒಂದು ದಿನ ತಪ್ಪದೆ ಅಪ್ಪನ ಊಟದ ಡಬ್ಬಿ ಅವಳ ಮನೆಯಿಂದಲೇ ಬರುತ್ತದೆ. ಬಟ್ಟೆ ಒಗೆದು ಕಳಿಸುತ್ತಾಳೆ. ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕೂತ ಅಪ್ಪನನ್ನು "ಇವರಿಗೆ ಹತ್ತಿರದ್ದು ಮಂಜು ಮಂಜು" ಎಂದು ಪರಿಚಯಿಸುತ್ತಾಳೆ. ಉಪಚಾರದಲ್ಲಿ ಹೆಸರಿಡುವ ಹಾಗಿಲ್ಲ. ಬೈದಿದ್ದರೆ ಅವನು ಅದನ್ನೇ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬೈಯುವುದಕ್ಕೂ ಮಾತು ಬೇಕಲ್ಲ.

ಡಬ್ಬಿ ತರುವವಳು ಮೊಮ್ಮಗಳು ಪುಟ್ಟಿ. ಏಳು ವರ್ಷ. ಮಧ್ಯಾಹ್ನ ಶಾಲೆ ಮುಗಿದು ಮನೆಗೆ ಹೋದವಳು, ಡಬ್ಬಿಯ ಜೊತೆಗೆ ಅಮ್ಮನ ಮಾತುಗಳನ್ನೂ ಹೊತ್ತು ಬರುತ್ತಿದ್ದಳು.

"ತಾತ, ಬಿಸಿ ಇರೋವಾಗ್ಲೇ ತಿನ್ನಬೇಕಂತೆ. ಉಪ್ಪು ಕಮ್ಮಿ ಹಾಕಿದೆಯಂತೆ, ಮೇಲೆ ಹಾಕ್ಕೋಬಾರದಂತೆ."

"ಅಮ್ಮ ಹೇಗಂದ್ಲು? ಅವಳು ಹೇಳಿದ ಹಾಗೇ ಹೇಳು ನೋಡೋಣ."

ಪುಟ್ಟಿ ಸೊಂಟದ ಮೇಲೆ ಕೈಯಿಟ್ಟು, ದನಿ ದಪ್ಪ ಮಾಡಿ ಒಪ್ಪಿಸುತ್ತಿದ್ದಳು. ಅದನ್ನು ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ದಿನದಲ್ಲಿ ಅದೊಂದು ಹೊತ್ತಿಗಾಗಿ ಕಾಯುತ್ತಿದ್ದ ಎಂದರೂ ತಪ್ಪಿಲ್ಲ.

ಒಂದು ಮಂಗಳವಾರ ಪುಟ್ಟಿ ಡಬ್ಬಿ ಇಟ್ಟು ಸುಮ್ಮನೆ ಬೆಂಚಿನ ಮೇಲೆ ಕೂತಳು. ಅಮ್ಮ ಏನಂದ್ಲು ಎಂದರೆ, ಏನೂ ಇಲ್ಲ ಎಂದಳು. ಶುಕ್ರವಾರದವರೆಗೂ ಅದೇ. ಶನಿವಾರ ಅವನು ಗಿರಾಕಿಯೊಬ್ಬನ ಕೆನ್ನೆಗೆ ನೊರೆ ಹಚ್ಚುತ್ತಿದ್ದಾಗ ಅವಳೇ ಬಾಯಿ ಬಿಟ್ಟಳು.

"ತಾತ, ಅಮ್ಮ ನನ್ನ ಜೊತೆ ಮಾತಾಡ್ತಿಲ್ಲ."

ಬ್ರಷ್ಷು ಕೆನ್ನೆಯ ಮೇಲೆಯೇ ನಿಂತಿತು. "ಯಾಕೆ ಕಂದಾ?"

"ಶಾಲೆ ಡೈರಿಯಲ್ಲಿ ಟೀಚರ್ ಬರೆದಿದ್ರು. ಅಮ್ಮನ ಸೈನು ನಾನೇ ಹಾಕ್ಬಿಟ್ಟೆ."

"ಅಪ್ಪ ಏನಂದ?"

"ಅಪ್ಪ ಮೊದಲು ನಕ್ಕುಬಿಟ್ಟ. ಆಮೇಲೆ ಬೈದ. ಅಮ್ಮ ಬೈಲೇ ಇಲ್ಲ. ಐದು ದಿನ ಆಯ್ತು." ಪುಟ್ಟಿ ಗೌನು ಮೇಲೆತ್ತಿ ಮೊಣಕಾಲು ತೋರಿಸಿದಳು. "ನಿನ್ನೆ ಬೇಕು ಅಂತ ಬಿದ್ದೆ ತಾತ. ಔಷಧಿ ಹಚ್ಚಿದ್ಲು. ಆದ್ರೂ ಮಾತಾಡ್ಲಿಲ್ಲ. ಯಾವಾಗ ಮಾತಾಡ್ತಾಳೆ?"

ಊರಿನವರ ತಲೆನೋವಿಗೆಲ್ಲ ಕುರ್ಚಿಯ ಹಿಂದೆ ನಿಂತು ಮದ್ದು ಹೇಳುತ್ತಿದ್ದವನಿಗೆ ಈ ಪ್ರಶ್ನೆಯ ಉತ್ತರವೂ ಗೊತ್ತಿತ್ತು. ಹನ್ನೆರಡು ವರ್ಷ ಎಂದು ಮಗುವಿಗೆ ಹೇಳುವುದು ಹೇಗೆ? ಗಿರಾಕಿಯ ಗಲ್ಲವನ್ನು ಎರಡು ಕಡೆ ಕೊಯ್ದು, ಕ್ಷಮಿಸಿ ಎಂದು ಹಣವನ್ನೂ ಬೇಡವೆಂದು, ಮಟಮಟ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದ. ಡಬ್ಬಿ ಬೆಂಚಿನ ಮೇಲೆಯೇ ಉಳಿಯಿತು. ಪುಟ್ಟಿಯ ಕೈ ಹಿಡಿದು ಹೊರಟ.

ಮಗಳ ಮನೆ ಮೊದಲ ಮಹಡಿಯಲ್ಲಿ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಮೇಲೆ ಚಿಕ್ಕ ಜಗಲಿ, ಒಳಗೆ ಒಂದು ಕೋಣೆ, ಅಡುಗೆಮನೆ. ಅವಳು ನೆಲದ ಮೇಲೆ ಕೂತು, ಒಣಗಿದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಮಡಚುತ್ತಿದ್ದಳು. ಅಪ್ಪನನ್ನು ನೋಡಿ ಎದ್ದು ಚಾಪೆ ಹಾಸಿದಳು, ನೀರು ತಂದಿಟ್ಟಳು, ಮತ್ತೆ ಬಟ್ಟೆಯ ಮುಂದೆ ಕೂತಳು. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡೇ ಬಂದಿದ್ದ.

"ತಪ್ಪಾಯ್ತು ಮಗಳೇ" ಎಂದ. "ನಾನು ಮಾಡಿದ್ದು ತಪ್ಪು. ನಿಮ್ಮಮ್ಮ ಅವತ್ತೇ ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ನನ್ನ ಜೊತೆ ನೀನು ಸಾಯೋವರೆಗೂ ಮಾತಾಡಬೇಡ, ಹೋಗಲಿ, ಅದು ನನಗೆ ಸಲ್ಲಬೇಕಾದ್ದೇ. ಈ ಮಗು ಜೊತೆ ಮಾತಾಡು. ಬೈಯಿ, ಕೂಗಾಡು, ಊಟ ಇಲ್ಲ ಅನ್ನು. ಇದೊಂದು ಬೇಡಮ್ಮ. ಇದು ಮಾಡೋವಾಗ ನಿಲ್ಲಿಸಬಹುದು ಅನ್ಸುತ್ತೆ. ನಿಲ್ಸೋಕಾಗಲ್ಲ."

ಅವಳ ಕೈಯಲ್ಲೊಂದು ದಿಂಬಿನ ಚೀಲವಿತ್ತು. ಮಡಚುತ್ತಿದ್ದ ಕೈ ಒಮ್ಮೆ ನಿಂತಿತು. ಮಾತು ಬಂತು, ಇನ್ನೇನು ಬಂತು ಎಂದು ಅವನು ಅಂದುಕೊಂಡ. ಅವಳು ಅಂಚಿಗೆ ಅಂಚು ಸರಿಯಾಗಿ ಕೂಡಿಸಿ, ಚೀಲವನ್ನು ಪಕ್ಕಕ್ಕಿಟ್ಟು, ಪುಟ್ಟಿಯ ಕಡೆ ತಿರುಗಿದಳು.

"ತಾತನಿಗೆ ಹೇಳು. ನಾಳೆಯಿಂದ ಡಬ್ಬಿ ಅಪ್ಪ ತಂದುಕೊಡ್ತಾರೆ. ನೀನು ಅಂಗಡಿಗೆ ಹೋಗೋದು ಬೇಡ."

ಪುಟ್ಟಿಯ ಮುಖ ಒಮ್ಮೆಲೇ ಅರಳಿತು. ಐದು ದಿನದ ಮೇಲೆ ಅಮ್ಮ ತನ್ನನ್ನೇ ನೋಡಿ ಆಡಿದ ಮಾತು. ಅದರಲ್ಲೇನಿದೆ ಎಂಬುದು ಆ ಮಗುವಿಗೆ ಬೇಕಾಗಿರಲಿಲ್ಲ. ಮೂರೇ ಹೆಜ್ಜೆಯ ದೂರವನ್ನು ಓಡಿ ದಾಟಿ ಬಂದು, ನಗುತ್ತ, ತಾತನ ಮಂಡಿಗೆ ಜೋತುಬಿದ್ದಳು.

"ತಾತ, ನಾಳೆಯಿಂದ ಡಬ್ಬಿ ಅಪ್ಪ ತರ್ತಾರಂತೆ. ನಾನು ಬರೋದು ಬೇಡವಂತೆ."

ಅವಳ ದನಿ ತನ್ನನ್ನು ಮುಟ್ಟುತ್ತಿದ್ದ ಆ ಒಂದು ದಾರಿಯನ್ನೂ ಮುಚ್ಚುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು. ಅದರ ಬೆನ್ನಿಗೇ ಇನ್ನೊಂದೂ ಅರ್ಥವಾಯಿತು. ತಾನು ಇಲ್ಲಿ ಕೂತು ಕೇಳುತ್ತಿರುವಷ್ಟು ಹೊತ್ತೂ ಮಗಳು ಉತ್ತರವನ್ನು ಈ ಮಗುವಿನ ಕೈಯಲ್ಲೇ ಕಳಿಸಬೇಕು, ಅಷ್ಟು ಹೊತ್ತೂ ಮಗುವಿನ ಜೊತೆ ಮಾತಾಡಲೇಬೇಕು. ಚಾಪೆಯ ಮೇಲೆ ಇನ್ನಷ್ಟು ಸರಿದು ಕೂತ.

"ಅಪ್ಪ ಎಷ್ಟು ಹೊತ್ತಿಗೆ ತರ್ತಾರೆ ಅಂತ ಕೇಳು ಪುಟ್ಟಿ."

"ಒಂದು ಗಂಟೆಗೆ ಅಂತ ಹೇಳು."

"ಒಂದು ಗಂಟೆಗಂತೆ ತಾತ."

"ಖಾಲಿ ಡಬ್ಬಿ ಯಾರ ಕೈಲಿ ಕಳಿಸಲಿ ಅಂತ ಕೇಳು."

"ಅಪ್ಪನ ಕೈಲೇ."

"ಅಪ್ಪನ ಕೈಲೇ ಅಂತೆ."

ಪುಟ್ಟಿಯ ಅಪ್ಪನಿಗೆ ಕೆಲಸ ಬಿದ್ದರೆ ಏನು ಮಾಡುವುದು, ಕಣ್ಣಿನ ಡಾಕ್ಟರು ಮತ್ತೆ ಯಾವಾಗ ಬರಹೇಳಿದ್ದಾರೆ, ನೀಲಿ ಅಂಗಿ ಒಗೆಯಲು ಬಂದಿದೆಯೇ ಎಂದೆಲ್ಲ ಕೇಳಿಸಿದ. ಪುಟ್ಟಿ ಅಲ್ಲಿಂದಿಲ್ಲಿಗೆ ಓಡಿ ಓಡಿ ಬೆವರಿದಳು. ಅವಳಿಗದು ಆಟವಾಗಿಬಿಟ್ಟಿತ್ತು. ಜನ್ಮವಿಡೀ ಆಡಿದ ಅಷ್ಟೂ ಮಾತಿನಲ್ಲಿ ಅವನು ಇಷ್ಟು ಕಷ್ಟಪಟ್ಟು ಆಡಿದ್ದು ಬೇರೊಂದಿರಲಿಲ್ಲ. ಆದರೆ ಎಷ್ಟು ಕೇಳಿಯಾನು? ಮಾತಿನಮಲ್ಲನಿಗೆ ಮಾತು ಮುಗಿಯತೊಡಗಿತು.

"ಇವತ್ತು ಯಾವ ವಾರ ಅಂತ ಕೇಳು ಕಂದಾ."

ಮಗಳು ತಲೆಯೆತ್ತಿ ನೇರ ಅವನನ್ನೇ ನೋಡಿದಳು. ಅವನು ಮಾಡುತ್ತಿರುವುದೇನೆಂದು ಅವಳಿಗೆ ತಿಳಿದುಹೋಗಿತ್ತು.

"ತಾತನಿಗೆ ಹೊತ್ತಾಯ್ತು ಅಂತ ಹೇಳು."

"ಹೊತ್ತಾಯ್ತಂತೆ ತಾತ."

ಅವನು ಎದ್ದ. ಪುಟ್ಟಿಯ ತಲೆ ಸವರಿದ. ಚಪ್ಪಲಿ ಮೆಟ್ಟಿ, ಕಬ್ಬಿಣದ ಮೆಟ್ಟಿಲನ್ನು ಒಂದೊಂದಾಗಿ ಇಳಿದು, ಅದು ತಿರುಗುವ ಕಡೆ ನಿಂತ. ಮೇಲಿನಿಂದ ಮಗುವಿನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಮ್ಮಾ, ತಾತ ಹೊರಟ. ಈಗೇನು ಹೇಳ್ಲಿ?"

ಕಪಾಟಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

"ಅಮ್ಮಾ, ಯಾರಿಗೆ ಹೇಳ್ಲಿ?"

ಕಂಬಿಯ ಮೇಲೆ ಕೈಯಿಟ್ಟು ಅವನೂ ಕಾದ. ಮಡಚಿದ ಬಟ್ಟೆಗಳನ್ನು ಒಂದರ ಮೇಲೊಂದು ಇಡುವ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಪುಟ್ಟಿ ಮತ್ತೊಮ್ಮೆ ಕೇಳಿದಳು, ಈ ಸಲ ಮೆಲ್ಲಗೆ.