ತಪ್ಪಿ ಬಂದ ಕುರಿ

ಮಕ್ಕಳು ಯಾಕೆ ಪೊಲೀಸರ ಕೈಗೆ ಸಿಗುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳಿದವರ ಮುಖ ನೋಡುತ್ತೇನೆ. ಸಂಶಯ ನಮ್ಮ ಮನೆತನದ ಆಸ್ತಿ. ಅಕ್ಕಲಕೋಟೆ ಹತ್ತಿರದ ಹಳ್ಳಿಯಲ್ಲಿ ನಮಗೆ ಹೊಲ ಇತ್ತು. ಉಪ್ಪಿನಕಾಯಿ ಭರಣಿ ಇಡುವ ಕೋಣೆಗೂ ಅಜ್ಜಿ ಸೊಲ್ಲಾಪುರದ ನವಿ ಪೇಠದಿಂದ ತರಿಸಿದ ಕೀಲಿ ಹಾಕುತ್ತಿದ್ದಳು. "ಎಲ್ಲಾರೂ ಛಲೋ ಮಂದೀನ, ಕೀಲಿ ಹಾಕಿದ ಮ್ಯಾಲ" ಎನ್ನುವುದು ಅವಳ ಮಾತು. ನಾನು ಅವಳ ಮೊಮ್ಮಗಳೇ.

ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬಿಸುವುದು, ಅಂದರೆ ಹಿಂಡನ್ನು ರಾತ್ರಿ ಅಲ್ಲೇ ತಂಗಿಸುವುದು, ವಾಡಿಕೆ. ಗೊಬ್ಬರ ನಮಗೆ, ಜೋಳ ಕುರಿಯವರಿಗೆ. ಐವತ್ತರ ದಶಕದ ಒಂದು ವರ್ಷ ಬಂದವರಲ್ಲಿ ನನ್ನ ಓರಗೆಯ ಹುಡುಗಿ ಒಬ್ಬಳಿದ್ದಳು. ತಾಯಿಯಿಲ್ಲ, ಅಪ್ಪ ಮತ್ತು ಅವಳು, ಇಬ್ಬರೇ. ಅವರ ಕುರಿಗಳಿಗೆಲ್ಲ ಬಲಗಿವಿಯಲ್ಲಿ ಗುರುತಿನ ಕಚ್ಚು. ಒಂದಕ್ಕೆ ಮಾತ್ರ ಎಡಗಿವಿಯಲ್ಲಿತ್ತು, ಕೊರಳಲ್ಲಿ ಕೆಂಪು ಉಣ್ಣೆಯ ದಾರ. ಅದನ್ನು ಮೊದಲು ಕಂಡವಳು ನಾನು. ಕದ್ದ ಮಾಲಿಗೆ ವೇಷ ಹಾಕಿದ್ದಾರೆ ಎಂದು ಹೊಳೆದದ್ದೇ ತಡ, ಓಡಿ ಹೋಗಿ ಕಾಕಾನಿಗೆ ಹೇಳಿದೆ. ಕಾಕಾ ಊರಿನ ಪೊಲೀಸ್ ಪಾಟೀಲನಿಗೆ ಹೇಳಿದ. ಕುರಿ ಕಳೆದ ತಕರಾರು ಮೊದಲೇ ಬಂದಿತ್ತಂತೆ.

ಮರುದಿನ ಪೊಲೀಸ್ ಠಾಣೆಯ ಫೌಜದಾರ ಬಂದಾಗ ಹುಡುಗಿ ಒಬ್ಬಳೇ ಇದ್ದಳು. ಅಪ್ಪ ನಸುಕಿನಲ್ಲೇ ಎಲ್ಲಿಗೋ ಹೋಗಿದ್ದ. ಓಡಿಹೋದ ಎಂದಿತು ಊರು. ಫೌಜದಾರ ಪುಣೆ ಕಡೆಯವನು, ಕನ್ನಡ ಬಾರದು. ಹುಡುಗಿಗೆ ಮರಾಠಿ ಬಾರದು. ನಮ್ಮ ಹಿರಿಯರಿಗೆ ಎರಡೂ ಬರುತ್ತಿದ್ದವು, ಆದರೆ ನಾಳೆ ಸಾಕ್ಷಿಗೆಂದು ಸೊಲ್ಲಾಪುರಕ್ಕೆ ಅಲೆಸಿದರೆ ಎಂಬ ಅಂಜಿಕೆಗೆ ಯಾರೂ ಬಾಯಿ ಬಿಡಲಿಲ್ಲ. ಕಾಕಾ ನನ್ನನ್ನು ಮುಂದೆ ತಳ್ಳಿದ. ಮರಾಠಿ ಸಾಲೆಗೆ ಹೋಗುವ ಹುಡುಗಿ ನಾನು, ಹೆಮ್ಮೆ ಹೇಳತೀರದು.

"ಈ ಕುರಿ ನಿಂದೇನು?" ಎಂದು ಫೌಜದಾರನ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ.

"ನಂದಲ್ಲ. ದಾರ್ಯಾಗ ನಮ್ಮ ಹಿಂಡಿನ ಬೆನ್ನ ಹತ್ತಿ ಬಂದೈತಿ. ತಪ್ಪಿ ಬಂದದ್ದನ್ನ ಹೊರಗ ಹಾಕಿದ್ರ ನಮ್ಮ ದೇವ್ರು ಬೀರೋಬಾ ಸಿಟ್ಟಾಗ್ತಾನ. ಮಂದೀದು ಅಂತ ಗುರ್ತಿಗೆ ದಾರ ಕಟ್ಟೀವಿ. ಅದರ ಮಾಲಕನ್ನ ಹುಡುಕಾಕ ಅಪ್ಪ ಹೋಗ್ಯಾನ."

ಎಂಥ ಕತೆ! ಯಾರೋ ಬಾಯಿಪಾಠ ಮಾಡಿಸಿದ್ದಾರೆ ಅನಿಸಿತು. ಫೌಜದಾರನ ಕಡೆ ತಿರುಗಿ ಎರಡೇ ಶಬ್ದ ಹೇಳಿದೆ: "ತಿಚಂ ನಾಹೀ." ಅವಳದಲ್ಲ. ಉಳಿದದ್ದನ್ನು ನುಂಗಿಕೊಂಡೆ. ಸುಳ್ಳನ್ನು ಮರಾಠಿಗೆ ಯಾಕೆ ಹೊತ್ತು ತರಬೇಕು ಎಂದುಕೊಂಡೆ. ಅವನು ಕುರಿಯನ್ನೂ ಅವಳನ್ನೂ ಕರೆದೊಯ್ದ.

ಸಂಜೆ ಅವಳ ಅಪ್ಪ ತಾವು ದಾಟಿ ಬಂದ ಮಂದ್ರೂಪ ಊರನ್ನೆಲ್ಲ ವಿಚಾರಿಸಿ, ಕಂದಲಗಾಂವದಿಂದ ಕುರಿಯ ಮಾಲಕನನ್ನೇ ಕರೆದುಕೊಂಡು ಬಂದ. ಹುಡುಗಿ ಹೇಳಿದ್ದೆಲ್ಲ ನಿಜವಾಗಿತ್ತು. ಮಾಲಕ ತನ್ನ ಕುರಿ ಬಿಡಿಸಿಕೊಂಡು ಊರು ಸೇರಿದ, ಹುಡುಗಿಗಾಗಿ ಕಚೇರಿ ಅಲೆಯಲು ಅವನಿಗೆ ಪುರುಸೊತ್ತಿರಲಿಲ್ಲ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಮಾಲಕನನ್ನು ಹುಡುಕುತ್ತಾರೆ ಎಂದನಂತೆ ಫೌಜದಾರ. ನಾನು ನುಂಗಿದ ಮಾತನ್ನು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬೈಸಿಕೊಳ್ಳುವ ಹೆದರಿಕೆ, ಅಷ್ಟೇ. ಸೊಲ್ಲಾಪುರದಲ್ಲಿ ಇಂಥ ಮಕ್ಕಳನ್ನು ಕೂಡಿಡುವ ಮನೆಯಲ್ಲಿ ಅವಳು ಒಂದು ವರ್ಷ ಕಳೆದಳು.

ಎರಡು ಸುಗ್ಗಿ ದಾಟಿ ಅದೇ ಹಿಂಡು ನಮ್ಮ ಪಕ್ಕದ ಹೊಲಕ್ಕೆ ಬಂತು. ಅವಳು ಎತ್ತರವಾಗಿದ್ದಳು, ನೋಡಿಯೂ ನೋಡದ ಹಾಗೆ ಹೋದಳು. ಒಂದು ಮುಸ್ಸಂಜೆ ನಾನು ಹಾಲು ಕುಡಿಸಿ ಸಾಕಿದ ಕುರಿಮರಿ ತಪ್ಪಿಸಿಕೊಂಡು ಅವರ ಹಿಂಡು ಸೇರಿತು. ಬದುವಿನ ಮೇಲಿಂದ ನಾನು ಕೂಗುವಷ್ಟರಲ್ಲಿ ಅವಳು ಕಲ್ಲೆಸೆದು ಅದನ್ನು ಹೊರಗಟ್ಟಿದ್ದಳು. ಮರಿ ಹಳ್ಳದ ಕಡೆ ಓಡಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಬೆಳಿಗ್ಗೆ ತೋಳ ತಿಂದು ಬಿಟ್ಟದ್ದು ಸಿಕ್ಕಿತು.

ಅಳುತ್ತಲೇ ಹೋಗಿ ಕೇಳಿದೆ: "ಒಂದ ದಿನ ಇಟ್ಕೊಂಡಿದ್ರ ಏನಾಗ್ತಿತ್ತು ನಿನಗ?"

ಅವಳು ನನ್ನನ್ನು ಆಗ ನೇರವಾಗಿ ನೋಡಿದಳು. ಸೊಲ್ಲಾಪುರದಲ್ಲಿ ಕಲಿತ ಸ್ವಚ್ಛ ಮರಾಠಿಯಲ್ಲಿ ಉತ್ತರ ಕೊಟ್ಟಳು.

"ಮಾಝಂ ನಾಹೀ." ನನ್ನದಲ್ಲ.